ಬಾನೆಟ್ಟಿನ ಏಳು ಸುತ್ತು

ಏಪ್ರಿಲ್‌ನಲ್ಲಿ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೊರಟಾಗ ಕಾರಿನ ಏಸಿ ಕೈಕೊಟ್ಟರೆ ಎರಡೇ ದಾರಿ: ಗಾಜು ಇಳಿಸಿ ಲಾರಿಗಳ ಧೂಳು ಕುಡಿಯುವುದು, ಇಲ್ಲವೇ ಏರಿಸಿಕೊಂಡು ಬೇಯುವುದು. ನಮ್ಮ ಭಾವ ಮೂರನೆಯದನ್ನು ಕಂಡುಹಿಡಿದರು. "ಕಂಪ್ರೆಸರ್ ತಾನೇ? ಮನೇಲೇ ಬದಲಾಯಿಸಿದರಾಯ್ತು. ನಾಲ್ಕು ಬೋಲ್ಟು, ಒಂದು ಬೆಲ್ಟು!"

ಬೋಲ್ಟುಗಳೇನೋ ನಾಲ್ಕೇ. ಆದರೆ ಅಲ್ಲಿಗೆ ಮುಟ್ಟುವುದು ದುರ್ಗದ ಕೋಟೆಯ ಏಳು ಸುತ್ತು ದಾಟಿದ ಹಾಗೆ. ಹೈದರಾಲಿಗೇ ಆ ಕೋಟೆ ಕೈಗೆ ಬಂದದ್ದು 1779ರಲ್ಲಿ, ಹಲವು ಮುತ್ತಿಗೆಗಳ ಮೇಲೆ. ಭಾವನಿಗೆ ಇದ್ದದ್ದು ಒಂದು ಭಾನುವಾರ.

ಏಸಿ ಪೈಪಿನೊಳಗೆ ತಂಪು ಮಾಡುವ ಆರ್-134ಎ ಅನಿಲ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುವಂಥದ್ದು. ಕೈಗೆ ಚಿಮ್ಮಿದರೆ ಚರ್ಮ ಹೆಪ್ಪುಗಟ್ಟುತ್ತದೆ. ಹಿರಿಯೂರಿನಲ್ಲಿ ಹಿಮಗಾಯವಾಯಿತೆಂದರೆ ಯಾವ ಡಾಕ್ಟರು ನಂಬಿಯಾರು? ಗಾಳಿಗೆ ಬಿಡೋಣವೆಂದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು. ಅದನ್ನು ಹೀರಿಕೊಳ್ಳಲು ಯಂತ್ರ ಬೇಕು. ಆಮೇಲೆ ಅಳತೆಯ ಎಣ್ಣೆ, ಹೊಸ ಓ-ರಿಂಗು, ತೇವ ಹೀರುವ ಡ್ರೈಯರ್, ವ್ಯಾಕ್ಯೂಮ್ ಪಂಪು. ಹಳೇ ಕಂಪ್ರೆಸರ್ ಲೋಹದ ಪುಡಿ ಉದುರಿಸಿದ್ದರೆ ಕಂಡೆನ್ಸರೂ ಹೋಯಿತು.

ಇಷ್ಟು ಕೇಳಿ ಭಾವ ಅಧ್ಯಾತ್ಮಕ್ಕೆ ಜಾರಿದರು: "ಹೊಳಲ್ಕೆರೆ ಬಯಲು ಗಣಪ ಸೂರಿಲ್ಲದೇ ಕೂತಿಲ್ಲವೇ?"

"ಗಣಪ ನಮ್ಮ ಹಾಗೆ ಹೊಸದುರ್ಗದ ಮದುವೆಗೆ ರೇಷ್ಮೆ ಉಟ್ಟು ಹೊರಟಿಲ್ಲವಲ್ಲ," ಅಂದಳು ಅಕ್ಕ.

ಕೊನೆಗೆ ಮೆಕ್ಯಾನಿಕ್ ಹುಡುಗ ಬಂದ. ಸ್ಪ್ಯಾನರ್ ಮುಟ್ಟಲಿಲ್ಲ. "ಸಾರ್, ಫ್ಯೂಸ್ ನೋಡಿದ್ರಾ?"