ಫ್ಯೂಸ್ ಪಂಡಿತರು

ಆನೇಮಹಲ್ ಕಡೆ ಮಳೆ ಹಿಡಿಯಿತೆಂದರೆ ಸಿಲ್ವರ್ ಮರದ ಕೊಂಬೆ ಲೈನಿನ ಮೇಲೆ ಬೀಳುವುದು, ಕರೆಂಟು ಹೋಗುವುದು, ಪಂಡಿತರು ಛತ್ರಿ ಬಿಚ್ಚುವುದು ಮೂರೂ ಒಟ್ಟೊಟ್ಟಿಗೇ. ಇವರು ಸೆಸ್ಕ್ ಲೈನ್‌ಮ್ಯಾನ್ ಅಲ್ಲ, ವೈರಿಂಗ್ ಲೈಸೆನ್ಸೂ ಇಲ್ಲ. ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಟೆಸ್ಟರ್ ಇದೆ, ಅಷ್ಟೇ. ಸಕಲೇಶಪುರದಿಂದ ಆಲೂರಿನತನಕ ಊರಿಗೊಬ್ಬರಂತೆ ಸಿಗುತ್ತಾರಾದ್ದರಿಂದ ಹೆಸರು ಬೇಡ.

ಸುಟ್ಟುಹೋಗುವ ಫ್ಯೂಸು ಕೆಟ್ಟ ಫ್ಯೂಸು ಎಂಬುದು ಅವರ ಸಿದ್ಧಾಂತ. ಪಿಂಗಾಣಿಯ ಕಿಟ್‌ಕ್ಯಾಟ್ ಕಿತ್ತು, ಬೆಳಕಿಗೆ ಹಿಡಿದು, “ಎಳೆ ಸಾಲದು ಕಣ್ರೀ ಗೌಡ್ರೇ” ಎನ್ನುತ್ತಾರೆ. ಹಳೇ ವೈರಿನ ಸಿಪ್ಪೆ ಹಲ್ಲಿನಲ್ಲೇ ಸುಲಿದು, ಐದಾರು ತಾಮ್ರದ ಎಳೆ ಹೊಸೆದು ಬಿಗಿಯುತ್ತಾರೆ. “ಇನ್ನು ಹತ್ತು ವರ್ಷ ಹೋಗಲ್ಲ.” ಮಾತು ಸುಳ್ಳಾಗಲಿಲ್ಲ. ಕಾಫಿ ಹಣ್ಣು ಕೊಯ್ಲಿನ ಹೊತ್ತಿಗೆ ಪಲ್ಪರ್ ಮೋಟರಿನ ವೈಂಡಿಂಗ್ ಕರಕಲಾಯಿತು. ಫ್ಯೂಸು ಮಾತ್ರ ಗಟ್ಟಿಯಾಗಿತ್ತು!

ಫ್ಯೂಸಿನ ಜಾಗಕ್ಕೆ ತಾನೇ ಬೀಳುವ ಸ್ವಿಚ್ಚು, ಎಂಸಿಬಿ, ಬಂದಮೇಲೆ ಪಂಡಿತರಿಗೆ ಹೊಸ ತಲೆನೋವು. ಮೋಟರು ಹೊರಡುವಾಗ ತನ್ನ ಮಾಮೂಲಿ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ. ಬಿ ಮಾದರಿಯ ಎಂಸಿಬಿ 3ರಿಂದ 5 ಪಟ್ಟಿಗೇ ಥಟ್ಟನೆ ಬೀಳುತ್ತದೆ, ಸಿ ಮಾದರಿಯದು 5ರಿಂದ 10 ಪಟ್ಟಿಗೆ. ಅಂಗಡಿಯವನು ಸಿ ಕೊಡಹೋದರೆ ಪಂಡಿತರು ಸಿಡುಕಿದರು: “ನಮ್ಮ ಗೌಡ್ರ ಮೋಟರಿಗೆ ಸಿ ಕ್ಲಾಸ್ ಮಾಲಾ?” ಬಿ ತಂದು ಹಾಕಿದರು. ಅದು ಬಿದ್ದಾಗಲೆಲ್ಲ ಎತ್ತಿ ಹಿಡಿಯಲು ಒಬ್ಬ ಆಳನ್ನೂ ನಿಲ್ಲಿಸಿದರು.

ಗೌರಿಹಬ್ಬಕ್ಕೆ ತಂಗಿಯ ಮಗ ಬಂದ. ಪುಣೆಯ ಹಡಪ್ಸರ್‌ನಲ್ಲಿ ಗ್ಲೈಡರ್ ಹಾರಿಸಲು ಕಲಿಯುವ ಹುಡುಗ. ಮಾತು ಗ್ಲೈಡರಿನ ಫ್ಯೂಸಿಗೆ ತಿರುಗಿತು.

“ಇಂಜಿನ್ನೇ ಇಲ್ಲದ ವಿಮಾನಕ್ಕೆ ಫ್ಯೂಸ್ ಯಾಕೋ?”

“ರೇಡಿಯೋ ಇದೆಯಲ್ಲ ಮಾವ. ಏರ್ತಿದೀವೋ ಇಳೀತಿದೀವೋ ಹೇಳೋ ವೇರಿಯೋಮೀಟರ್ ಇದೆ. ಎಲ್ಲಕ್ಕೂ ಒಂದೇ 12 ವೋಲ್ಟ್ ಬ್ಯಾಟರಿ.”

ಮಾತಾಡುವಾಗ ರೇಡಿಯೋ ಎಳೆಯುವುದು ಎರಡು ಆಂಪಿಯರ್ ಆಸುಪಾಸು; ಅದಕ್ಕೆ ಮೂರರ ಫ್ಯೂಸು ಸಾಕು. ಆದರೆ ಬ್ಯಾಟರಿಯ ಪಕ್ಕದಲ್ಲೇ ಇನ್ನೊಂದು ಫ್ಯೂಸು ಇರಲೇಬೇಕು. ವೈರು ಎಲ್ಲಾದರೂ ಉಜ್ಜಿ ಶಾರ್ಟ್ ಆದರೆ ಅಷ್ಟು ಸಣ್ಣ ಬ್ಯಾಟರಿಯೂ ನೂರಾರು ಆಂಪಿಯರ್ ಸುರಿಯುತ್ತದೆ, ವೈರು ಕೆಂಡವಾಗುತ್ತದೆ. ಫ್ಯೂಸ್ ಇರುವುದು ರೇಡಿಯೋ ಉಳಿಸಲಿಕ್ಕಲ್ಲ, ವೈರು ಉಳಿಸಲಿಕ್ಕೆ ಎಂದು ಹುಡುಗ ಬಿಡಿಸಿ ಹೇಳಿದ.

“ಮ್ಯಾಲೆ ಫ್ಯೂಸ್ ಹೋದ್ರೆ ಯಾರು ಕಟ್ತಾರೆ? ದಪ್ಪಂದೇ ಹಾಕು.”

“ಮೇಲೆ ಹೊಗೆ ಬಂದ್ರೆ ಇಳಿದು ಓಡೋಕಾಗಲ್ಲ ಮಾವ.”

“ಹಂಗಾದ್ರೆ ಮನೇ ಎಂಸಿಬಿ ಹಾಕು.”

ಅದೂ ಆಗದು. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುವುದರಿಂದ ಸ್ವಿಚ್ಚಿನೊಳಗಿನ ಕಿಡಿ ತಾನೇ ಆರುತ್ತದೆ. ಬ್ಯಾಟರಿಯ ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಅದಕ್ಕೆ ಡಿಸಿಗೆಂದೇ ಮಾಡಿದ ಬ್ರೇಕರ್ ಬೇಕು. ಪಂಡಿತರು ಎಲೆ ಅಡಿಕೆ ಮುಗಿಯುವವರೆಗೂ ಯೋಚಿಸಿ ತೀರ್ಪು ಕೊಟ್ಟರು: “ನಿಮ್ಮ ಬ್ಯಾಟರಿನೇ ಸರಿ ಇಲ್ಲ ಕಣೋ.”

ಓದುಗರಲ್ಲಿ ಒಂದು ವಿನಂತಿ. ಮುಂದಿನ ಮಳೆಗಾಲಕ್ಕೆ ಮೊದಲು ಲೈಸೆನ್ಸ್ ಇರುವವರನ್ನು ಕರೆಸಿ, ಮೇನ್ ಆಫ್ ಮಾಡಿಸಿ, ನಿಮ್ಮ ಕಿಟ್‌ಕ್ಯಾಟ್‌ಗಳನ್ನು ತೆಗೆಸಿ ನೋಡಿ. ಹೊಸೆದ ಎಳೆ ಕಂಡರೆ ಅಂದೇ ಬದಲಾಯಿಸಿ. ಪಂಡಿತರು ಬಂದರೆ ಕಾಫಿ ಕೊಟ್ಟು ಕೂರಿಸಿ; ಟೆಸ್ಟರ್ ಮಾತ್ರ ಅವರ ಜೇಬಲ್ಲೇ ಇರಲಿ.