ಕಂಸಾಳೆಗೆ ಸಿಕ್ಕ ಕನ್ನಡಕ

ಜನಪದ ನನ್ನ ರಕ್ತದಲ್ಲೇ ಇದೆ ಎಂದು ಆಫೀಸಿನಲ್ಲಿ ವರ್ಷಗಳಿಂದ ಹೇಳಿಕೊಂಡು ಬಂದವನು ನಾನು. ಆಧಾರ ಏನಪ್ಪಾ ಅಂದರೆ, ನಮ್ಮ ತಾತ ಮಂಡ್ಯ ಸೀಮೆಯವರು. ತಾತ ಹಾಡುತ್ತಿದ್ದರಾ ಎಂದು ಕೇಳಿದವರಿಗೆ, ಅವರು ಬೈದರೂ ಲಯ ತಪ್ಪುತ್ತಿರಲಿಲ್ಲ ಎಂದು ಹೇಳಿ ಪಾರಾಗುತ್ತಿದ್ದೆ. ಹುಬ್ಬಳ್ಳಿ ಕಡೆಯ ನನ್ನ ಹೆಂಡತಿಗೆ ಮಾತ್ರ ಈ ಮಾತು ನಾಟುತ್ತಿರಲಿಲ್ಲ. ಅದಕ್ಕೇ ಫೆಬ್ರವರಿಯ ಒಂದು ಶನಿವಾರ ಅವಳನ್ನು ಜಾನಪದ ಲೋಕದ ಲೋಕೋತ್ಸವಕ್ಕೆ ಹೊರಡಿಸಿದೆ.

ಜಾನಪದ ಲೋಕ ಇರುವುದು ರಾಮನಗರ ದಾಟಿದ ಮೇಲೆ, ಹಳೇ ಮೈಸೂರು ರಸ್ತೆಯ ಪಕ್ಕ. ಹೊಸ ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣ ಎರಡನ್ನೂ ಬಳಸಿಕೊಂಡು ಹೋಗುತ್ತದೆ. ಇವೆರಡನ್ನೂ ಕೂಡಿಸಿ ಯೋಚಿಸುವ ಬುದ್ಧಿ ನನಗೆ ಬಂದದ್ದು ಮದ್ದೂರಿನ ಬೋರ್ಡು ಕಂಡಾಗ. “ವಡೆ ತಿನ್ನಿಸೋಣ ಅಂತಲೇ ಬಂದೆ” ಎಂದೆ. ಅವಳು ವಡೆ ತಿಂದಳು, ನಂಬಲಿಲ್ಲ.

ಗಾಡಿ ತಿರುಗಿಸಿಕೊಂಡು ಜಾನಪದ ಲೋಕಕ್ಕೆ ಬಂದೆವು. ಇದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ನಿವೃತ್ತರಾದ ಮೇಲೆ ಸುಮ್ಮನೆ ಕೂರದೆ ಊರೂರಿನ ಹಾಡು, ವಾದ್ಯ, ಬೀಸುಕಲ್ಲು ಎಲ್ಲ ಕೂಡಿಹಾಕಿ 1994ರಲ್ಲಿ ಈ ಲೋಕ ತೆರೆದರು. ನಿವೃತ್ತಿಗೆ ಹತ್ತಿರವಾದ ನನಗೂ ಹುಮ್ಮಸ್ಸು ಬಂತು. ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಅಂಗಿಜೇಬಿಗೆ ಇಳಿಬಿಟ್ಟೆ. ನನ್ನ ಸಂಗ್ರಹ ಕಾರ್ಯ ಶುರು.

ಬಯಲಿನ ಅಂಚಿನಲ್ಲಿ ತಮಟೆಯವರು ಹುಲ್ಲಿಗೆ ಬೆಂಕಿ ಹಚ್ಚಿ, ತಮಟೆಯ ಚರ್ಮವನ್ನು ಆ ಕಡೆ ಈ ಕಡೆ ತಿರುಗಿಸಿ ಕಾಯಿಸುತ್ತಿದ್ದರು. ಬೆರಳಲ್ಲಿ ತಟ್ಟಿ ನೋಡುವುದು, ಮತ್ತೆ ಕಾಯಿಸುವುದು. “ಇಂಥಾ ಬಿಸಿಲಲ್ಲಿ ಬೆಂಕಿ ಯಾಕ್ರಪ್ಪಾ?” ಎಂದೆ. “ಕಾಯ್ದ್ರೇನೇ ಸಾ, ಇದು ಮಾತಾಡದು” ಎಂದರು ಹಿರಿಯರು. ಮಂಡ್ಯ ಸೀಮೆಯ ರಕ್ತಕ್ಕೆ ಇದು ಗೊತ್ತಿರಬೇಕಿತ್ತು.

ಆಚೆ ಹೆಣ್ಣುಮಕ್ಕಳ ಡೊಳ್ಳಿನ ತಂಡ. ನಾನೂ ಒಂದು ಡೊಳ್ಳು ಕಟ್ಟಿಕೊಂಡು ಫೋಟೊ ತೆಗೆಸಿಕೊಳ್ಳಲೇ ಎಂದು ಕೇಳಿದೆ. ಹುಡುಗಿ ನನ್ನನ್ನು ಮೇಲಿಂದ ಕೆಳಗೆ ಅಳೆದು, “ಸಾರ್, ಮುಂದೆ ಆಗ್ಲೇ ಒಂದು ಕಟ್ಕೊಂಡಿದೀರಲ್ಲ” ಎಂದಳು. ನನ್ನ ಹೆಂಡತಿ ಅವಳ ಊರು, ಓದು ಎಲ್ಲ ವಿಚಾರಿಸಿ ಬಾಯಿ ತುಂಬ ಹರಸಿದಳು.

ಕಂಸಾಳೆಯ ಹತ್ತಿರ ಹೋಗದೆ ಇದ್ದಿದ್ದರೆ ಶನಿವಾರ ಅಷ್ಟಕ್ಕೇ ಮುಗಿಯುತ್ತಿತ್ತು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯ ದಾರದ ತುದಿಗೆ ಇನ್ನೊಂದು ಚಪ್ಪಟೆ ತಾಳ. ಮಾದಪ್ಪನ ಭಕ್ತರಾದ ದೇವರಗುಡ್ಡರು ಅದನ್ನು ತಲೆಯ ಮೇಲೆ, ಬೆನ್ನ ಹಿಂದೆ ಬೀಸಿ ಬಡಿಯುವಾಗ ಗಾಳಿಗೂ ದಾರಿ ಇರುವುದಿಲ್ಲ. ತಂಡದ ಹುಡುಗನೊಬ್ಬ ಪಾಪ, ಒಳ್ಳೆಯ ಮನಸ್ಸಿನಿಂದ ನನ್ನ ಕೈಗೆ ಕೊಟ್ಟ. ನಾನು ಸಿನಿಮಾದಲ್ಲಿ ನೋಡಿದ ಹಾಗೆ ಬೀಸಿದೆ. ತಾಳ ತಾಳಕ್ಕೆ ಬೀಳಲಿಲ್ಲ, ಕನ್ನಡಕದ ಬಲಗಣ್ಣಿಗೆ ಬಿತ್ತು. “ಮಾದಪ್ಪ ಕಾಪಾಡ್ದ, ಕಣ್ಣು ಉಳೀತು” ಎಂದರು ಅವರು. ಕನ್ನಡಕದ ವಿಷಯ ಮಾದಪ್ಪ ನೋಡಿಕೊಂಡಿರಲಿಲ್ಲ.

ಸಂಜೆ ಗೀಗೀ ಮೇಳ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು. ದಪ್ಪು, ತುಂತುಣಿಗಳ ನಡುವೆ ಸವಾಲು ಜವಾಬು ಏರುತ್ತಾ ಹೋಯಿತು. ಹರದೇಶಿಗೆ ನಾನು ಸ್ವಲ್ಪ ಜೋರಾಗಿಯೇ ಚಪ್ಪಾಳೆ ತಟ್ಟಿದೆ. ಪಕ್ಕದಿಂದಲೇ ನಾಗೇಶಿ ಶುರುವಾಯಿತು.

“ಮದ್ದೂರಿಗೆ ಯಾರು ಕರಕೊಂಡು ಹೋದ್ರು?”

“ನಾನು.”

“ಚಷ್ಮಾ ಯಾರು ಒಡಕೊಂಡ್ರು?”

“ನಾನೇ.”

“ಈಗ ಗಾಡಿ ಯಾರು ಹೊಡೀಬೇಕು?”

ಜವಾಬು ಇರಲಿಲ್ಲ. ಕೀಲಿ ಕೊಟ್ಟೆ.

ರಾತ್ರಿ ರಾಮನಗರದಲ್ಲೇ ಉಳಿದು, ಭಾನುವಾರವನ್ನು ಒಂದೇ ಗಾಜಿನಲ್ಲಿ ನೋಡಿದೆ. ಸೋಮನ ಕುಣಿತದಲ್ಲಿ ಕೆಂಪು ಮುಖವಾಡದ ಸೋಮ ಎದುರು ಬಂದಾಗ ಮಕ್ಕಳೆಲ್ಲ ಚದುರಿದವು. ನಾನು ಪರಿಚಯದವರಿರಬೇಕೆಂದು ನಮಸ್ಕಾರ ಹೇಳಿದೆ.

ಮನೆಗೆ ಬಂದು ಸಂಗ್ರಹ ಹಾಕಿ ಕೇಳಿದೆವು. ದೂರದಲ್ಲೆಲ್ಲೋ ತಮಟೆ, ಹತ್ತಿರದಲ್ಲಿ ಚುರುಮುರಿ ಜಗಿಯುವ ಸದ್ದು. ಅದರ ಮೇಲೆ ಒಬ್ಬ ಪಕ್ಕದವರಿಗೆ ಕಿನ್ನರಿಯನ್ನು ಚೌಡಿಕೆ, ಚೌಡಿಕೆಯನ್ನು ಏಕತಾರಿ ಎಂದು ಧೈರ್ಯವಾಗಿ ವಿವರಿಸುತ್ತಿದ್ದಾನೆ. ದನಿ ನನ್ನದೇ. ಆಮೇಲೆ ಒಂದು ‘ಟಣ್’, ಬೆನ್ನಿಗೇ ‘ಅಯ್ಯಮ್ಮಾ’. ಇಡೀ ರೆಕಾರ್ಡಿಂಗಿನಲ್ಲಿ ಕಾಲಕ್ಕೆ ಸರಿಯಾಗಿ ಬಿದ್ದದ್ದು ಅದೊಂದೇ.

ಲೋಕೋತ್ಸವಕ್ಕೆ ಹೋಗುವವರು ಟೋಪಿ, ನೀರಿನ ಬಾಟಲಿ ಮರೆಯಬೇಡಿ. ಕಂಸಾಳೆ ಕೈಗೆ ಬಂದರೆ ಮೊದಲು ಕನ್ನಡಕ ತೆಗೆದು ಹೆಂಡತಿಯ ಕೈಗೆ ಕೊಡಿ. ಗಾಡಿಯ ಕೀಲಿಯನ್ನೂ ಅದರ ಜೊತೆಗೇ ಕೊಟ್ಟುಬಿಟ್ಟರೆ ಮರ್ಯಾದೆ ಉಳಿಯುತ್ತದೆ.