ಪಟ್ಟಿ ಅಂಟಿಸಿದ ಟಿವಿ ಹಾಗೂ ಪ್ರಭಾವಳಿ ಸಿದ್ಧಾಂತ: ಒಂದು ಸಂಶೋಧನಾ ಪ್ರಸ್ತಾವ

ಎರಡು ಲಕ್ಷದ ಟಿವಿಯಲ್ಲಿ ಚಿತ್ರ ಐವತ್ತು ಸಾವಿರದ ಟಿವಿಗಿಂತ ಚಂದ ಕಾಣುತ್ತದೆ ಎಂಬುದು ಲೋಕದಲ್ಲಿ ಸ್ವತಃಸಿದ್ಧ. ಇದನ್ನು ಶಂಕಿಸುವವರದು ಎರಡೇ ಪಂಗಡ: ವಿಜ್ಞಾನಿಗಳು ಮತ್ತು ಐವತ್ತು ಸಾವಿರದ ಟಿವಿ ಕೊಂಡವರು. ಎರಡನೆಯವರದು ಹೊಟ್ಟೆಕಿಚ್ಚು, ಶಾಸ್ತ್ರದಲ್ಲಿ ಅದಕ್ಕೆ ಎಡೆಯಿಲ್ಲ. ಮೊದಲನೆಯವರ ಮತ ಇಷ್ಟು: ಕಂಪನಿಯ ಹೆಸರಿನ ಮೇಲೆ ಕರಿಪಟ್ಟಿ ಅಂಟಿಸಿರಿ, ಬೆಲೆಚೀಟಿ ಕೀಳಿರಿ, ಎಲ್ಲವನ್ನೂ ಸಾಲಾಗಿ ನಿಲ್ಲಿಸಿ ಒಂದೇ ಚಿತ್ರ ಬಿಡಿರಿ, ಆಮೇಲೆ ಯಾವುದು ಮೇಲೆಂದು ಹೇಳಿರಿ.

ಈ ಪರೀಕ್ಷೆಯನ್ನು ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಬಯಲಿನಲ್ಲೇ ನಡೆಸಬೇಕೆಂದು ಪ್ರಬಂಧಕಾರನ ಪ್ರತಿಜ್ಞೆ. ಬೆಂಗಳೂರಿನ ಪಂಡಿತರು ಹುಬ್ಬೇರಿಸುವುದು ಗೊತ್ತಿದೆ. ಅವರಿಗೆ ಸ್ವಲ್ಪ ಇತಿಹಾಸ. 1975ರ ಆಗಸ್ಟ್ 1ರಿಂದ ಭಾರತ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ತಂದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸಿತು. ಸೈಟ್ ಎಂಬ ಆ ಪ್ರಯೋಗದಲ್ಲಿ ಕರ್ನಾಟಕದಿಂದ ಆಯ್ಕೆಯಾದವು ಗುಲಬರ್ಗಾ (ಇಂದಿನ ಕಲಬುರಗಿ), ರಾಯಚೂರು, ಬಿಜಾಪುರ ಜಿಲ್ಲೆಗಳು. 1977ರಲ್ಲಿ ಗುಲಬರ್ಗಾಕ್ಕೆ ಸ್ವಂತ ಪ್ರಸಾರ ಕೇಂದ್ರವೇ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಟಿವಿ ನೋಡುವ ವಿದ್ಯೆಯಲ್ಲಿ ರಾಜಧಾನಿ ನಮಗಿಂತ ಆರು ವರ್ಷ ಕಿರಿದು. ಹಿರಿತನದ ಮಾತು ಇಲ್ಲಿಗೆ ಸಾಕು.

ಇನ್ನೊಂದು ಸಂಗತಿ ಪೂರ್ವಸೂರಿಗಳ ಕಣ್ಣು ತಪ್ಪಿದೆ. ಆಗ ಹಳ್ಳಿಯಲ್ಲಿದ್ದುದು ಹತ್ತಡಿ ಅಗಲದ ತಂತಿಜಾಲರಿಯ ಡಿಶ್, ಕಪ್ಪು ಬಿಳುಪಿನ ಒಂದೇ ಪೆಟ್ಟಿಗೆ, ಅದರ ಮುಂದೆ ಇಡೀ ಊರು. ಅದು ಯಾರ ಮನೆಯದೂ ಅಲ್ಲ, ನೋಡುವವರು ಯಾರೂ ಅದಕ್ಕೆ ರೊಕ್ಕ ಕೊಟ್ಟಿರಲಿಲ್ಲ, ಹೋಲಿಸಿ ಮೂಗು ಮುರಿಯಲು ಪಕ್ಕದಲ್ಲಿ ಇನ್ನೊಂದಿರಲಿಲ್ಲ. ಬೆಲೆಯ ಹಂಗಿಲ್ಲದೆ ನಮ್ಮ ಸೀಮೆಯ ಕಣ್ಣು ಟಿವಿ ನೋಡಿದ್ದು ಅದೇ ಮೊದಲು, ಪ್ರಾಯಶಃ ಅದೇ ಕೊನೆ.

ವಿಧಾನ. ಚಿತ್ರದ ಗುಣ ಅಳೆಯಲು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.500 ಎಂಬ ನಿಯಮಾವಳಿಯಿದೆ; ಅದರ ಮೊದಲ ಪಾಠ 1974ರದು. ಕಡಿಮೆಯೆಂದರೆ 15 ನೋಡುಗರು ಬೇಕು, ಅವರ ದೃಷ್ಟಿಯನ್ನೂ ಬಣ್ಣ ಗುರುತಿಸುವ ಶಕ್ತಿಯನ್ನೂ ಮೊದಲೇ ತಪಾಸಿಸಬೇಕು, ಒಂದು ಬೈಠಕ್ ಅರ್ಧ ತಾಸು ಮೀರಬಾರದು. ಯಾವ ಒಲವೂ ಇಲ್ಲದ 15 ಮಂದಿಯನ್ನು ಹುಡುಕಲು ಬೇರೆ ಊರುಗಳಲ್ಲಿ ಹಣ ಸುರಿಯುತ್ತಾರೆ. ಇಲ್ಲಿ ಆ ಖರ್ಚಿಲ್ಲ. ಯಾರು, ಎಲ್ಲಿಯವರು ಎಂದು ಕೇಳದೆ ಉಣಬಡಿಸುವ ದಾಸೋಹದ ಪಂಕ್ತಿಯಲ್ಲಿ ಮೊದಲು ಕೂತ 15 ಜನ ಸಾಕು. ಆದರೆ ಊಟಕ್ಕೆ ಮುಂಚೆಯೇ ಕರೆಯಬೇಕು. ಉಂಡ ಮೇಲೆ ಕೂಡಿಸಿದರೆ ಎಲ್ಲ ಟಿವಿಗಳೂ ಪರಿಪೂರ್ಣ ಕಪ್ಪನ್ನೇ ತೋರಿಸುತ್ತವೆ.

ನಿಯಮಾವಳಿಯ ಐದು ದರ್ಜೆಗಳು ನಮ್ಮಲ್ಲಿ ನಡೆಯುವುದಿಲ್ಲ. ಕೇಳಿದವರ ಮನಸ್ಸು ನೋಯಬಾರದೆಂದು ಎಲ್ಲರೂ 'ಛಲೋ ಅದರಿ' ಅಂದುಬಿಡುತ್ತಾರೆ. ಅದಕ್ಕಾಗಿ ಈ ಪರ್ಯಾಯ ಮಾಪಕ: 'ಯಪ್ಪಾ ಯಪ್ಪಾ', 'ಭಾಳ ಛಲೋ ಅದ', 'ನಡೀತದ', 'ಏನೋ ಕಾಣ್ಲಕತ್ತದ', 'ಬಂದ್ ಮಾಡ್ರಿ'.

ನೋಡುಗರಲ್ಲಿ ಒಂದೇ ಕಣ್ಣಿಗೆ ಪೊರೆ ತೆಗೆಸಿದ ಮುತ್ಯಾ ಒಬ್ಬರಿದ್ದರೆ ಸಂಶೋಧಕನ ಪುಣ್ಯ. ಪೊರೆ ಬಂದ ಕಣ್ಣಿಗೆ ಬಿಳಿ ಹಳದಿಯಾಗಿ ಕಾಣುತ್ತದೆ, ಆಪರೇಷನ್ ಆದ ಕಣ್ಣಿಗೆ ಅದೇ ಬಿಳಿ ನೀಲಿಗೆ ತಿರುಗುತ್ತದೆ. ಟಿವಿ ಕಂಪನಿಗಳು ವಾರ್ಮ್, ಕೂಲ್ ಎಂದು ರಿಮೋಟಿನಲ್ಲಿ ಇಟ್ಟದ್ದನ್ನು ಮುತ್ಯಾ ಒಂದೊಂದೇ ಕಣ್ಣು ಮುಚ್ಚಿ ಸಾಧಿಸುತ್ತಾರೆ.

ಪರೀಕ್ಷಾಚಿತ್ರಗಳು. ಮೊದಲನೆಯದು ಕಮಲಾಪುರದ ಕೆಂಪು ಬಾಳೆ, ಭೌಗೋಳಿಕ ಸೂಚಕ ಪಡೆದದ್ದು. ಅದರ ಕೆಂಪು ಮಬ್ಬು ಕೆಂಪು, ಸಿಪ್ಪೆಯಲ್ಲಿ ಮಣ್ಣಿನ ಛಾಯೆ. ಅಂಗಡಿಯವರು ಮೆಚ್ಚುವ ವಿವಿಡ್ ಮೋಡ್‌ನಲ್ಲಿ ಬಿಟ್ಟರೆ ಅದೇ ಹಣ್ಣು ಕುಂಕುಮದಲ್ಲಿ ಅದ್ದಿ ತೆಗೆದಂತೆ ಉರಿಯುತ್ತದೆ. ಕಮಲಾಪುರದ ಕಾಕಾ 'ಇದು ನಮ್ಮೂರ್ದಲ್ರಿ' ಎಂದರೆ ಆ ಟಿವಿ ಅಲ್ಲಿಗೇ ಫೇಲ್. ಎರಡನೆಯದು ಹೋಳಿ ಹುಣ್ಣಿಮೆಯಾಗಿ ಐದನೇ ದಿನದ ಶರಣಬಸವೇಶ್ವರ ರಥೋತ್ಸವ. ಸಂಜೆ ಬಿಸಿಲು, ಧೂಳು, ಬಿಳಿ ಧೋತರ, ರಥದ ಕಡೆ ಹಾರುವ ಉತ್ತತ್ತಿ ಬಾಳೆಹಣ್ಣು. ಚಲನೆಯ ಸ್ಪಷ್ಟತೆಗೆ ಇದಕ್ಕಿಂತ ಕಠಿಣ ಪ್ರಶ್ನೆಪತ್ರಿಕೆ ಇಲ್ಲ. ಹಾರುವ ಉತ್ತತ್ತಿಗೆ ಬಾಲ ಬಂದರೆ ಅಂಕ ಕಳೆಯಬೇಕು. ಚಿತ್ರ ನುಣುಪಾಗಿಸುವ ಸವಲತ್ತು ಚಾಲೂ ಇದ್ದರೆ ಜಾತ್ರೆ ಧಾರಾವಾಹಿಯಂತೆ ಕಾಣುತ್ತದೆ, ಅತ್ತೆ ಯಾವಾಗ ಬರುತ್ತಾಳೆಂದು ಹೆಂಗಸರು ಕಾಯತೊಡಗುತ್ತಾರೆ.

ಮೂರನೆಯದೇ ಮುಖ್ಯ: ಕತ್ತಲ ಗರ್ಭಗುಡಿ, ನಡುವೆ ಎಣ್ಣೆದೀಪ. ಓಲೆಡ್ ಟಿವಿಯಲ್ಲಿ 83 ಲಕ್ಷದಷ್ಟು ಚುಕ್ಕೆಗಳೂ ತಾವೇ ಉರಿದು ತಾವೇ ಆರುತ್ತವೆ. ಆದ್ದರಿಂದ ದೀಪದ ಕುಡಿ ಕುಡಿಯಷ್ಟೇ ಇರುತ್ತದೆ, ಸುತ್ತಲಿನ ಕತ್ತಲು ಕತ್ತಲಾಗಿಯೇ ಉಳಿಯುತ್ತದೆ. ಮಿನಿ ಎಲ್‌ಇಡಿಯಲ್ಲಿ ಪರದೆಯ ಹಿಂದಿನ ಬೆಳಕು ಕೆಲವು ನೂರು ಅಥವಾ ಕೆಲವು ಸಾವಿರ ಭಾಗಗಳಲ್ಲಿ ಮಾತ್ರ ಹತ್ತಿ ಆರುತ್ತದೆ. ದೀಪಕ್ಕಿಂತ ಭಾಗ ದೊಡ್ಡದು. ಬೆಳಕು ಸೋರಿ ಕುಡಿಯ ಸುತ್ತ ಮಸುಕಾದ ವರ್ತುಲ ಏಳುತ್ತದೆ. ಇಂಜಿನಿಯರುಗಳು ಇದನ್ನು ದೋಷವೆಂದು ಬರೆದುಕೊಳ್ಳುತ್ತಾರೆ. ನಮ್ಮ ಪಂಕ್ತಿಯ ಆಯಿ ಮಾತ್ರ ಕೈ ಮುಗಿದು 'ಯಪ್ಪಾ ಯಪ್ಪಾ' ದರ್ಜೆ ಕೊಡುತ್ತಾಳೆ. ಪ್ರಭಾವಳಿ ಇಲ್ಲದ ದೇವರು ಯಾವ ದೇವರು? ಹೀಗೆ ಸೋರುವ ಟಿವಿ ಗೆದ್ದು ಸೋರದ ಟಿವಿ ಸೋಲುವುದನ್ನೇ ಪ್ರಬಂಧಕಾರನು ಪ್ರಭಾವಳಿ ಸಿದ್ಧಾಂತವೆಂದು ಕರೆದಿದ್ದಾನೆ.

ಓಲೆಡ್ ಪಕ್ಷದವರು ಎದೆಗುಂದಬೇಕಿಲ್ಲ. ಅಲುಗದ ಚಿತ್ರವನ್ನು ತಿಂಗಳುಗಟ್ಟಲೆ ತೋರಿಸಿದರೆ ಅದರ ಪರದೆಯಲ್ಲಿ ಕಲೆ ನಿಲ್ಲಬಹುದು. ದಿನವಿಡೀ ಗರ್ಭಗುಡಿಯನ್ನೇ ಹಚ್ಚಿಟ್ಟ ಮನೆಯಲ್ಲಿ ಮುಂದೆ ಕ್ರಿಕೆಟ್ ಹಚ್ಚಿದರೂ ಪಿಚ್ಚಿನ ನಡುವೆ ಶರಣಬಸವೇಶ್ವರ ಅಪ್ಪನ ಆಕೃತಿ ಮೂಡಿದರೆ ಆ ಟಿವಿಯ ಬೆಲೆ ಇಳಿಯುತ್ತದೋ ಏರುತ್ತದೋ, ಅದು ಇನ್ನೊಂದು ಪ್ರಬಂಧದ ವಿಷಯ.

ಪೂರ್ವಪಕ್ಷ: ಕರಿಪಟ್ಟಿ ಕಿತ್ತ ಮೇಲೆ ನೋಡುಗರು ಅಂಕ ತಿದ್ದಿದರೆ? ತಿದ್ದಿಯೇ ತಿದ್ದುತ್ತಾರೆ. ಎರಡು ಲಕ್ಷದ್ದಕ್ಕೆ 'ನಡೀತದ' ಎಂದವನು ಬೆಲೆ ಕೇಳಿದೊಡನೆ ಕಣ್ಣೊರೆಸಿಕೊಂಡು ಮತ್ತೆ ನೋಡಿ, 'ಹೌದಲ್ಲ, ಕಲರ್ ಭಾಳ ಡೀಪ್ ಅದ' ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಈಗ ಅವನಿಗೆ ನಿಜಕ್ಕೂ ಹಾಗೆ ಕಾಣುತ್ತಿದೆ. ಆದುದರಿಂದ ಪರದೆಯ ಹಿಂದಿನ ಬೆಳಕಿನ ಜೊತೆಗೆ ಬೆಲೆಚೀಟಿಯ ಬೆಳಕನ್ನೂ ನಿಟ್ಸ್‌ನಲ್ಲಿ ಅಳೆಯುವ ಉಪಕರಣ ಬೇಕು. ಅದನ್ನೂ ಆಯವ್ಯಯದಲ್ಲಿ ಸೇರಿಸಿದೆ.

ಆಯವ್ಯಯದ ಕೊನೆಯ ಬಾಬ್ತು, ಪರೀಕ್ಷೆ ಮುಗಿದ ಮೇಲೆ ಟಿವಿಗಳ ವಿಲೇವಾರಿ. ಗೆದ್ದದ್ದನ್ನು ದೀರ್ಘಕಾಲಿಕ ಅಧ್ಯಯನಕ್ಕಾಗಿ ಪ್ರಬಂಧಕಾರನ ಪಡಸಾಲೆಯಲ್ಲಿಡಲು ಅನುಮತಿ ಕೋರಿದೆ. ಮನೆಯವರ ಲಿಖಿತ ಒಪ್ಪಿಗೆ ಇನ್ನೂ ಬಂದಿಲ್ಲ. ಮೌಖಿಕ ಅಭಿಪ್ರಾಯ ಬಂದಿದೆ: 'ಮೊದಲ ಗ್ವಾಡಿಗಿ ಸುಣ್ಣ ಹಚ್ರಿ, ಆಮ್ಯಾಲ ಟಿವಿ ನೋಡಮು.'